ಬಿಡುವ ಪಥ್ಯ, ತಿನ್ನುವ ಪಥ್ಯ

ವಯಸ್ಸಾದವರು ಪಥ್ಯ ಮಾಡುವುದಿಲ್ಲ ಎಂಬ ದೂರು ನಮ್ಮ ಮನೆಗಳಲ್ಲೂ ಆಸ್ಪತ್ರೆಗಳಲ್ಲೂ ದಿನನಿತ್ಯದ್ದು. ಸಕ್ಕರೆ ಕಾಯಿಲೆಯ ಅಪ್ಪ ಮದುವೆಮನೆಯಲ್ಲಿ ಹೋಳಿಗೆ ತಿಂದು ಬಂದರು, ಬಿ.ಪಿ. ಇದ್ದರೂ ಅತ್ತೆ ಉಪ್ಪಿನಕಾಯಿ ಬಿಡಲೊಲ್ಲರು, ಎಷ್ಟು ಹೇಳಿದರೂ ಮಾವನಿಗೆ ಸಂಜೆಯ ಬೋಂಡಾ ಬೇಕೇ ಬೇಕು. ಈ ದೂರಿನಲ್ಲಿ ಸತ್ಯವಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಹಿರಿಯರ ಊಟವನ್ನು ಹತ್ತಿರದಿಂದ ನೋಡುತ್ತ ಬಂದ ಮೇಲೆ ನನಗೆ ಕಂಡದ್ದು ಬೇರೆಯೇ. ನಮ್ಮ ವೃದ್ಧರಲ್ಲಿ ಬಹಳ ಮಂದಿ ಪಥ್ಯವನ್ನು ಅತಿಯಾಗಿಯೇ ಮಾಡುತ್ತಿದ್ದಾರೆ. ಬಿಡಿ ಎಂದದ್ದನ್ನೆಲ್ಲ ಬಿಟ್ಟಿದ್ದಾರೆ. ಯಾರೂ ಬಿಡಿ ಎನ್ನದಿದ್ದನ್ನೂ ಬಿಟ್ಟಿದ್ದಾರೆ. ತಿನ್ನಿ ಎಂದು ಹೇಳಿದ್ದು ಮಾತ್ರ ಅವರ ತಟ್ಟೆಗೆ ಬಂದಿಲ್ಲ. ಅದಕ್ಕೆ ಅವರ ಹಟವನ್ನೋ ನಾಲಿಗೆಯ ಚಪಲವನ್ನೋ ದೂರುವುದು ಸುಲಭ. ನಿಜವಾದ ಕಾರಣ ಕೈಯಲ್ಲಿ ದುಡ್ಡೆಷ್ಟಿದೆ, ಬಾಯಲ್ಲಿ ಹಲ್ಲೆಷ್ಟಿವೆ, ಒಲೆಯ ಮುಂದೆ ಯಾರಿದ್ದಾರೆ ಎಂಬುದರಲ್ಲಿದೆ.

ಮೊದಲು ನಿಯಮಗಳೇನು ಎಂದು ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ ಪರಿಷ್ಕೃತ ಆಹಾರ ಸೂತ್ರಗಳನ್ನು ಹೊರಡಿಸಿತು. ಒಟ್ಟು 17 ಸೂತ್ರಗಳು. ಅವುಗಳಲ್ಲಿ ಒಂದು ವಯಸ್ಸಾದವರಿಗೆಂದೇ ಇದೆ. ದಿನಕ್ಕೆ 2000 ಕ್ಯಾಲೊರಿಯ ಊಟ ಹೇಗಿರಬೇಕೆಂದು ಸಂಸ್ಥೆ ಒಂದು ತಟ್ಟೆಯನ್ನು ಲೆಕ್ಕ ಹಾಕಿ ತೋರಿಸಿದೆ: ಧಾನ್ಯ 250 ಗ್ರಾಂ, ತರಕಾರಿ ಮತ್ತು ಸೊಪ್ಪು ಸೇರಿ 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ-ಮಾಂಸ 85 ಗ್ರಾಂ, ಶೇಂಗಾ-ಎಳ್ಳಿನಂಥ ಬೀಜಗಳು 35 ಗ್ರಾಂ, ಎಣ್ಣೆ-ತುಪ್ಪ 27 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿ. ಉಪ್ಪು 5 ಗ್ರಾಂ ಮೀರಬಾರದು. ವಯಸ್ಸಾದಂತೆ ಹೊಟ್ಟೆಯ ಅಳತೆ ಕುಗ್ಗುತ್ತದೆ, ಆದರೆ ಮೈಗೆ ಬೇಕಾದ ಪ್ರೋಟೀನು, ಸುಣ್ಣದ ಅಂಶ, ವಿಟಮಿನ್ನುಗಳ ಅಗತ್ಯ ಕುಗ್ಗುವುದಿಲ್ಲ. ಹಾಗಾಗಿ ಕಡಿಮೆ ತಿನ್ನುವ ಮುದುಕರ ತುತ್ತಿನಲ್ಲಿ ಸತ್ವ ಹೆಚ್ಚಿರಬೇಕು. ಹಿರಿಯರಿಗೆಂದು ಬರೆದ ಸೂತ್ರದ ತಾತ್ಪರ್ಯ ಇಷ್ಟೇ.

ಈ ಪಟ್ಟಿಯನ್ನು ಎರಡಾಗಿ ಒಡೆದು ನೋಡಬಹುದು. ಉಪ್ಪು, ಸಕ್ಕರೆ, ಎಣ್ಣೆ, ಕರಿದದ್ದು ಕಡಿಮೆ ಮಾಡಿ ಎನ್ನುವುದು ಒಂದು ಭಾಗ. ಇದಕ್ಕೆ ಕಾಸು ಖರ್ಚಿಲ್ಲ, ಯಾರ ಸಹಾಯವೂ ಬೇಡ, ಉಪವಾಸ-ವ್ರತಗಳಲ್ಲಿ ಬೆಳೆದ ಮನಸ್ಸಿಗೆ ಅದು ಒಗ್ಗುತ್ತದೆ ಕೂಡ. ಬೇಳೆ, ಕಾಳು, ಹಾಲು, ಮೊಟ್ಟೆ, ಸೊಪ್ಪು, ಹಣ್ಣು, ಬೀಜ ತಿನ್ನಿ ಎನ್ನುವುದು ಇನ್ನೊಂದು ಭಾಗ. ಇದನ್ನು ಪಾಲಿಸಬೇಕಾದರೆ ಕೊಳ್ಳಬೇಕು, ಸೋಸಬೇಕು, ನೆನೆಸಬೇಕು, ಬೇಯಿಸಬೇಕು, ಅಗಿಯಬೇಕು; ಮನೆಯಲ್ಲಿ ಬೇರೆಯವರ ಪಾಲು ಕಡಿಮೆಯಾದೀತೆಂಬ ಸಂಕೋಚವನ್ನೂ ಗೆಲ್ಲಬೇಕು. ಜನ ತುಂಬಿದ ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ಸಿಗುವ ಒಂದೆರಡು ನಿಮಿಷದಲ್ಲಿ ಹೇಳಲಾಗುವುದು ಮೊದಲನೆಯದು ಮಾತ್ರ. "ಉಪ್ಪು ಕಮ್ಮಿ ಮಾಡಿ, ಅನ್ನ ಕಮ್ಮಿ ಮಾಡಿ, ಸಿಹಿ ಮುಟ್ಟಬೇಡಿ." ಅಜ್ಜಿ ತಲೆಯಾಡಿಸಿ ಮನೆಗೆ ಬರುತ್ತಾಳೆ, ಅಕ್ಷರಶಃ ಪಾಲಿಸುತ್ತಾಳೆ.

ಪಾಲಿಸಿದ್ದರ ಪರಿಣಾಮ ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ. ಅನ್ನ ಕಡಿಮೆ ಮಾಡಿ ಎಂದಾಗ ಅನ್ನದ ಜಾಗಕ್ಕೆ ಏನು ಬರಬೇಕು ಎಂದು ಯಾರೂ ಹೇಳಿರುವುದಿಲ್ಲ. ಹಾಗಾಗಿ ಆ ಜಾಗಕ್ಕೆ ಏನೂ ಬರುವುದಿಲ್ಲ, ಅಥವಾ ಎರಡು ರಸ್ಕು ಬರುತ್ತವೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚು ಮಾಡುವ ಮಾತ್ರೆ ನುಂಗುತ್ತಿರುವ ಎಪ್ಪತ್ತೈದರ ಮುದುಕರು ಅದರ ಮೇಲೆ ಉಪ್ಪನ್ನೂ ಪೂರ್ತಿ ಬಿಟ್ಟರೆ, ರಕ್ತದಲ್ಲಿ ಸೋಡಿಯಂ ತಗ್ಗಿ ತಲೆಸುತ್ತು, ಮಂಕು, ತಡಬಡಿಕೆ ಬರುತ್ತದೆ. ಬಚ್ಚಲಲ್ಲಿ ಬಿದ್ದು ತೊಡೆಯ ಮೂಳೆ ಮುರಿಯುವುದರ ಹಿಂದೆ ಇಂಥದ್ದೊಂದು ಕಾರಣವೂ ಇರಬಹುದು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ವಿಟಮಿನ್ ಹೀರಿಕೆ ಕುಗ್ಗುತ್ತದೆ. ವಯಸ್ಸಿನಿಂದ ಜಠರದ ಆಮ್ಲ ಕಡಿಮೆಯಾಗಿ ಅದು ಇನ್ನಷ್ಟು ಕುಗ್ಗುತ್ತದೆ. ಸಸ್ಯಾಹಾರಿಗಳಿಗೆ ಬಿ12 ಸಿಗುವುದು ಮುಖ್ಯವಾಗಿ ಹಾಲು ಮೊಸರಿನಿಂದ. "ಕೊಬ್ಬು" ಎಂದು ಅದನ್ನೂ ಬಿಟ್ಟರೆ ಕಾಲು ಜೋಮು, ಮರೆವು, ಸುಸ್ತು ಬರುವುದರಲ್ಲಿ ಆಶ್ಚರ್ಯವೇನು? ಅದನ್ನೆಲ್ಲ ನಾವು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತೇವೆ.

ವೃದ್ಧಾಶ್ರಮಗಳಲ್ಲಿ ಇರುವವರಿಗೆ ಬಿಗಿಯಾದ ಪಥ್ಯಗಳನ್ನು ಹೇರಬೇಡಿ, ಅದರಿಂದ ಊಟ ಕಡಿಮೆಯಾಗಿ ನಷ್ಟವೇ ಹೆಚ್ಚಬಹುದು ಎಂದು ಅಮೆರಿಕದ ಆಹಾರತಜ್ಞರ ಸಂಘ 2005ರಷ್ಟು ಹಿಂದೆಯೇ ಹೇಳಿದೆ. ನಮ್ಮಲ್ಲಿ ಆ ಮಾತು ಇನ್ನೂ ಮನೆಗಳನ್ನು ತಲುಪಿಲ್ಲ.

ತಿನ್ನುವ ಭಾಗದಲ್ಲಿ ಎಷ್ಟು ಕೊರತೆಯಿದೆ ಎಂದು ತಿಳಿಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಮಂಡ್ಯ, ತುಮಕೂರು ಕಡೆಯ ಹಳ್ಳಿಯ, 50 ಕಿಲೊ ತೂಕದ ಒಬ್ಬ ಅಜ್ಜಿಯ ದಿನವನ್ನು ಲೆಕ್ಕ ಹಾಕಿ. ಬೆಳಿಗ್ಗೆ ಟೀ, ಮಧ್ಯಾಹ್ನ ಒಂದು ಸಣ್ಣ ಮುದ್ದೆ, ಸ್ವಲ್ಪ ಅನ್ನ, ತಿಳಿಸಾರು. ರಾತ್ರಿ ಅನ್ನ, ಮಜ್ಜಿಗೆ. 80 ಗ್ರಾಂ ರಾಗಿಹಿಟ್ಟಿನಿಂದ 6 ಗ್ರಾಂ ಪ್ರೋಟೀನು ಸಿಕ್ಕಿತು. ದಿನಕ್ಕೆ 150 ಗ್ರಾಂ ಅಕ್ಕಿಯಿಂದ 11 ಗ್ರಾಂ. ಸಾರಿನಲ್ಲಿ ಅವಳ ಪಾಲಿಗೆ ಬಂದ ಬೇಳೆ 20 ಗ್ರಾಂ ಎಂದು ಉದಾರವಾಗಿ ಹಿಡಿದರೂ 4 ಗ್ರಾಂ. ಟೀಯ ಹಾಲು, ಮಜ್ಜಿಗೆ ಸೇರಿ ಇನ್ನೊಂದು 4 ಗ್ರಾಂ, ತರಕಾರಿಯಿಂದ 2 ಗ್ರಾಂ. ಒಟ್ಟು 27. ನಮ್ಮ ದೇಶದ ಶಿಫಾರಸು ಕಿಲೊ ತೂಕಕ್ಕೆ 0.83 ಗ್ರಾಂ, ಅಂದರೆ ಈ ಅಜ್ಜಿಗೆ 41 ಗ್ರಾಂ ಮೀರಿ ಬೇಕು. ವೃದ್ಧರ ಸ್ನಾಯು ಉಳಿಯಬೇಕಾದರೆ ಕಿಲೊಗೆ 1ರಿಂದ 1.2 ಗ್ರಾಂ ಬೇಕೆಂದು 2013ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಸೂಚಿಸಿತು. ಆ ಲೆಕ್ಕದಲ್ಲಿ 50ರಿಂದ 60 ಗ್ರಾಂ. ಅಜ್ಜಿ ಅರ್ಧದ ಹತ್ತಿರ ನಿಂತಿದ್ದಾಳೆ. ಹೊಟ್ಟೆ ತುಂಬಿದೆ, ಹಸಿವಿಲ್ಲ. ಕೊಡ ಎತ್ತಲಾಗದು, ಕುಳಿತಲ್ಲಿಂದ ಏಳುವಾಗ ಗೋಡೆ ಹಿಡಿಯಬೇಕು ಅಷ್ಟೆ. ವಯಸ್ಸಿನೊಡನೆ ಸ್ನಾಯು ಸವೆಯುವ ಈ ಸ್ಥಿತಿಗೆ ಇರ್ವಿನ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಸಾರ್ಕೊಪೀನಿಯಾ ಎಂದು ಹೆಸರಿಟ್ಟದ್ದು 1989ರಷ್ಟು ಈಚೆಗೆ. ಅಲ್ಲಿಯವರೆಗೆ ವೈದ್ಯಲೋಕವೂ ಇದನ್ನು ಬರೀ ಮುಪ್ಪು ಎಂದೇ ಭಾವಿಸಿತ್ತು.

ಇದು ಒಬ್ಬ ಅಜ್ಜಿಯ ಕಥೆಯಲ್ಲ. 2017-18ರಲ್ಲಿ ಮುಂಬೈಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ 45 ವರ್ಷ ದಾಟಿದ 72 ಸಾವಿರಕ್ಕೂ ಹೆಚ್ಚು ಭಾರತೀಯರ ದೊಡ್ಡ ಅಧ್ಯಯನ ನಡೆಯಿತು. ಅದರ ವರದಿಯ ಪ್ರಕಾರ ಅರವತ್ತು ದಾಟಿದವರಲ್ಲಿ ಶೇ. 27 ಮಂದಿ ಇರಬೇಕಾದ ತೂಕಕ್ಕಿಂತ ಕಡಿಮೆ ಇದ್ದಾರೆ, ಶೇ. 22 ಮಂದಿ ಹೆಚ್ಚು ತೂಕದವರು. ಬೊಜ್ಜಿನ ಬಗ್ಗೆ ದಿನವೂ ಪತ್ರಿಕೆಗಳಲ್ಲಿ ಓದುತ್ತೇವೆ. ಬಡಕಲಾದ ನಾಲ್ಕನೆಯ ಒಂದಂಶದ ಬಗ್ಗೆ ಓದುವುದು ಅಪರೂಪ. "ವಯಸ್ಸಾಯ್ತು, ಮೈ ಇಳಿದಿದೆ, ಒಳ್ಳೆಯದೇ" ಎನ್ನುತ್ತೇವೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಕಾರಣವಿಲ್ಲದೆ ನೂರಕ್ಕೆ ಐದರಷ್ಟು ತೂಕ ಇಳಿದರೆ, ಅಂದರೆ 60 ಕಿಲೊದವರು 57ಕ್ಕೆ ಬಂದರೆ, ಅದನ್ನು ವೈದ್ಯರಿಗೆ ತೋರಿಸಲೇಬೇಕಾದ ಲಕ್ಷಣವೆಂದು ವೃದ್ಧವೈದ್ಯಶಾಸ್ತ್ರ ಪರಿಗಣಿಸುತ್ತದೆ.

ಗಂಡಸರು ಹೆಚ್ಚು ಪಾಲಿಸುತ್ತಾರೋ ಹೆಂಗಸರೋ? ಪಶ್ಚಿಮದ ದೇಶಗಳಲ್ಲಿ ಈ ಪ್ರಶ್ನೆಯನ್ನು ಎಷ್ಟೋ ಬಾರಿ ಕೇಳಿ ನೋಡಿದ್ದಾರೆ. ತರಕಾರಿ, ಹಣ್ಣಿನ ವಿಷಯದಲ್ಲಿ ಸಾಮಾನ್ಯವಾಗಿ ಹೆಂಗಸರೇ ಮುಂದೆ ಎಂದು ಉತ್ತರ ಬರುತ್ತದೆ. ನಮ್ಮಲ್ಲಿ ಆ ಉತ್ತರವನ್ನು ಹಾಗೇ ತಂದು ಅಂಟಿಸಲಾಗದು. ಇಲ್ಲಿ ಗಂಡಸಿನ ಪಥ್ಯವನ್ನು ಮಾಡುವವಳು ಹೆಂಡತಿ. ಅವನಿಗೆ ಬೇರೆ ಪಾತ್ರೆಯಲ್ಲಿ ಉಪ್ಪಿಲ್ಲದ ಪಲ್ಯ ತೆಗೆದಿಡುವುದು, ಮೆಂತ್ಯ ನೆನೆಸುವುದು, ಹಾಗಲಕಾಯಿ ರಸ ಹಿಂಡುವುದು, ಮಾತ್ರೆ ನೆನಪಿಸುವುದು ಎಲ್ಲ ಅವಳದು. ಅವನ ರಕ್ತಪರೀಕ್ಷೆಯ ವರದಿ ಚೆನ್ನಾಗಿ ಬಂದರೆ "ಯಜಮಾನರು ತುಂಬಾ ಶಿಸ್ತು" ಎಂಬ ಹೊಗಳಿಕೆ ಅವನಿಗೆ. ಆಕೆ ಗತಿಸಿದ ಮೇಲೆ ಆ ಶಿಸ್ತು ಎಲ್ಲಿ ಹೋಯಿತು ಎಂದು ಹುಡುಕಿದರೆ ಗೊತ್ತಾಗುತ್ತದೆ ಅದು ಯಾರದ್ದಾಗಿತ್ತೆಂದು. ಅಡುಗೆ ಗೊತ್ತಿಲ್ಲದ ವಿಧುರ ಗಂಡಸು ಬ್ರೆಡ್ಡು, ಹೋಟೆಲಿನ ಇಡ್ಲಿ, ಸೊಸೆ ಮುಚ್ಚಿಟ್ಟುಹೋದ ಚಿತ್ರಾನ್ನದ ಮೇಲೆ ದಿನ ದೂಡುತ್ತಾನೆ. ಒಂದು ಬಟ್ಟಲು ಹೆಸರುಕಾಳು ಬೇಯಿಸಿಕೊಳ್ಳುವುದನ್ನು ನಮ್ಮ ಗಂಡುಮಕ್ಕಳಿಗೆ ಕಲಿಸದೇ ಇದ್ದದ್ದರ ಬೆಲೆಯನ್ನು ಅವರು ಎಪ್ಪತ್ತರಲ್ಲಿ ತೆರುತ್ತಾರೆ.

ಹೆಂಗಸಿನದು ಇದಕ್ಕಿಂತ ಕಠಿಣ. ಸೂತ್ರಗಳೆಲ್ಲ ಅವಳಿಗೆ ಗೊತ್ತು, ಅವನ್ನು ಬೇರೆಯವರ ತಟ್ಟೆಯಲ್ಲಿ ದಶಕಗಟ್ಟಲೆ ಪಾಲಿಸಿದ್ದಾಳೆ. ಅವಳ ತಟ್ಟೆ ಮಾತ್ರ ಕೊನೆಯದು. ಎಲ್ಲರೂ ಉಂಡ ಮೇಲೆ ಪಲ್ಯದ ಪಾತ್ರೆಯ ತಳ, ಸಾರಿನ ತಿಳಿ, ನಿನ್ನೆಯ ಮುದ್ದೆ. ಮೊಮ್ಮಗನಿಗೆ ಬೇಕೆಂದು ಹಾಲು ಮುಟ್ಟುವುದಿಲ್ಲ. ಇದಕ್ಕೆ ವಯಸ್ಸಿನೊಡನೆ ಒಂದೊಂದೇ ತ್ಯಾಗ ಸೇರಿಕೊಳ್ಳುತ್ತದೆ: ಸೋಮವಾರ ಒಪ್ಪತ್ತು, ಏಕಾದಶಿ, ಸಂಕಷ್ಟಿ; ಯಾವುದೋ ಹರಕೆಗೆ ಮೊಟ್ಟೆ-ಮಾಂಸ ಬಿಟ್ಟದ್ದು; ಗಂಡ ಹೋದ ಮೇಲೆ "ಇನ್ನು ನನಗೇನು ಬೇಕು" ಎಂದು ರಾತ್ರಿಯೂಟವನ್ನೇ ಬಿಟ್ಟದ್ದು. ಅರವತ್ತು ದಾಟಿದ ಭಾರತೀಯ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ವಿಧವೆಯರು. ಅದೇ ವಯಸ್ಸಿನ ಗಂಡಸರಲ್ಲಿ ಆರೇಳು ಮಂದಿಗೆ ಒಬ್ಬ ವಿಧುರ. ಒಂದು ಕಾಲದಲ್ಲಿ ಕೆಲವು ಜಾತಿಗಳಲ್ಲಿ ವಿಧವೆಗೆ ಒಪ್ಪತ್ತಿನೂಟವನ್ನು ಶಾಸ್ತ್ರವೆಂದೇ ವಿಧಿಸಿದ್ದರು. ವಿಧಿಸುವವರು ಇವತ್ತು ಕಡಿಮೆಯಾಗಿದ್ದಾರೆ, ತಾನಾಗಿ ವಿಧಿಸಿಕೊಳ್ಳುವವರು ಇದ್ದಾರೆ. ಇಂಥ ಬಿಡುವಿಕೆಯನ್ನು ನಾವು ಭಕ್ತಿ ಎಂದು, ಮಿತಾಹಾರ ಎಂದು ಹೊಗಳುತ್ತೇವೆ. ಆ ಹೊಗಳಿಕೆಯನ್ನು ನಿಲ್ಲಿಸಬೇಕು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಯಾರ ಶ್ರದ್ಧೆಗೂ ಅದರಿಂದ ಕುಂದಿಲ್ಲ. ವ್ರತದ ದಿನ ಹಾಲು, ಹಣ್ಣು, ಶೇಂಗಾ ತಿನ್ನಲು ಬಹುತೇಕ ಸಂಪ್ರದಾಯಗಳಲ್ಲಿ ಅವಕಾಶವಿದೆ.

ಹಾಗಾದರೆ ಉಪ್ಪಿನಕಾಯಿ ಬಿಡದ ಅತ್ತೆ, ಬೋಂಡಾ ಬೇಡುವ ಮಾವ? ಅವರ ಸಮಸ್ಯೆಯೂ ನಿಜ. ಭಾರತೀಯರು ದಿನಕ್ಕೆ 8ರಿಂದ 11 ಗ್ರಾಂ ಉಪ್ಪು ತಿನ್ನುತ್ತಾರೆಂದು ಬೇರೆ ಬೇರೆ ಅಧ್ಯಯನಗಳ ಅಂದಾಜು. 5 ಗ್ರಾಮಿನ ಮಿತಿಗೆ ಅದು ಬಹಳ ದೂರ. ಹೆಚ್ಚು ಉಪ್ಪು ರಕ್ತದೊತ್ತಡ ಏರಿಸುತ್ತದೆ, ಪಾರ್ಶ್ವವಾಯುವಿಗೆ ದಾರಿ ಮಾಡುತ್ತದೆ. ಇದರಲ್ಲಿ ಎರಡು ಮಾತಿಲ್ಲ. ಪೇಟೆಯ ಮಧ್ಯಮ ವರ್ಗದ ಮನೆಗಳಲ್ಲಿ ಹಿರಿಯರು ನಿಜಕ್ಕೂ ಹೆಚ್ಚು ತಿಂದು ಕಡಿಮೆ ನಡೆಯುತ್ತಾರೆ. ಆದರೆ ಅಲ್ಲೂ ಸ್ವಲ್ಪ ಆಳಕ್ಕೆ ಇಳಿದು ಕೇಳಬೇಕು. ವಯಸ್ಸಾದಂತೆ ರುಚಿ, ವಾಸನೆ ಗ್ರಹಿಸುವ ಶಕ್ತಿ ಕುಂದುತ್ತದೆ. ಹಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ. ಸಪ್ಪೆ ಅನ್ನ, ಸಪ್ಪೆ ಸಾರು ಗಂಟಲಲ್ಲಿ ಇಳಿಯುವುದಿಲ್ಲ. ಉಪ್ಪಿನಕಾಯಿಯ ಒಂದು ಹೋಳು ಇದ್ದರೆ ನಾಲ್ಕು ತುತ್ತು ಇಳಿಯುತ್ತದೆ. ಆ ಹೋಳನ್ನು ಕಿತ್ತುಕೊಂಡು ಬೇರೇನೂ ಕೊಡದವರು ಪಥ್ಯ ಮಾಡಿಸಿದಂತಾಗಲಿಲ್ಲ. ನಿಂಬೆಹುಳಿ, ಕೊತ್ತಂಬರಿ, ಕರಿಬೇವಿನ ಪುಡಿ, ಬೆಳ್ಳುಳ್ಳಿ ಒಗ್ಗರಣೆ, ಹುಳಿ ಮುಂದಾದ ಸಾರು ಇವೆಲ್ಲ ನಮ್ಮ ಅಡುಗೆಯಲ್ಲೇ ಇವೆ. ಉಪ್ಪು ತಗ್ಗಿದಾಗ ರುಚಿ ಏರಿಸಲು ಇವೇ ಸಾಕು.

"ನಮ್ಮ ತಾತ ಇದೇ ಮುದ್ದೆ-ಸಾರು ತಿಂದು ತೊಂಬತ್ತು ಬದುಕಿದ" ಎಂಬ ವಾದವನ್ನು ಇಲ್ಲಿ ಎದುರಿಸಲೇಬೇಕು, ಏಕೆಂದರೆ ಎಲ್ಲ ಜಗಲಿಗಳಲ್ಲೂ ಅದು ಬರುತ್ತದೆ. ತೊಂಬತ್ತು ಬದುಕಿದ ತಾತ ನೆನಪಿನಲ್ಲಿ ಉಳಿದಿದ್ದಾನೆ. ಐವತ್ತೈದಕ್ಕೆ ಹೋದ ಅವನ ಅಣ್ಣತಮ್ಮಂದಿರು ಉಳಿದಿಲ್ಲ. ಅಲ್ಲದೆ ಆ ತಾತನ ಮುದ್ದೆಯ ಜೊತೆ ಹುರುಳಿಕಾಳಿನ ಬಸ್ಸಾರು, ಹೊಲದಂಚಿನ ಬೆರಕೆ ಸೊಪ್ಪು, ಮನೆಯ ಹಸುವಿನ ಮಜ್ಜಿಗೆ, ಅವರೆಕಾಲದ ಅವರೆ, ಹಬ್ಬಕ್ಕೆ ಬಾಡು ಇದ್ದವು. ಉತ್ತರ ಕರ್ನಾಟಕದ ಅಜ್ಜನ ಜೋಳದ ರೊಟ್ಟಿಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಝುಣಕ, ಮಡಕೆಕಾಳು ಪಲ್ಯ, ಹಸಿ ಉಳ್ಳಾಗಡ್ಡಿ ಇದ್ದವು. ಹೈದರಾಬಾದಿನ ಸಂಸ್ಥೆ ಹೇಳುವ ತಟ್ಟೆಗೆ ಅದು ಇವತ್ತಿನ ಪಡಿತರದ ಅಕ್ಕಿ-ತಿಳಿಸಾರಿಗಿಂತ ಹತ್ತಿರವಾಗಿತ್ತು. ಹಳೆಯ ಊಟ ಎಂದು ನಾವು ಈಗ ಕರೆಯುತ್ತಿರುವುದು ಕಾಳು, ಸೊಪ್ಪು, ಹಿಂಡಿ ಕಳಚಿಹೋಗಿ ಉಳಿದ ಧಾನ್ಯ ಮಾತ್ರ.

ಇನ್ನು ದುಡ್ಡು. ಮೇಲಿನ ಅಜ್ಜಿಯ ಕೊರತೆ ತುಂಬಲು ಏನು ಬೇಕು? ದಿನಕ್ಕೆ ಒಂದು ಮೊಟ್ಟೆ, ಒಂದು ಲೋಟ ಹಾಲು, ಒಂದು ಹಿಡಿ ಶೇಂಗಾ. ಮೂರೂ ಸೇರಿ 18-19 ಗ್ರಾಂ ಪ್ರೋಟೀನು; 27 ಇದ್ದದ್ದು 45 ದಾಟುತ್ತದೆ. ಇವತ್ತಿನ ಪೇಟೆ ದರದಲ್ಲಿ ತಿಂಗಳಿಗೆ ಇದಕ್ಕೆ 600 ರೂಪಾಯಿಯ ಹತ್ತಿರ ಬೇಕು. ಕರ್ನಾಟಕದ ಸಂಧ್ಯಾ ಸುರಕ್ಷಾ ಪಿಂಚಣಿ 1,200 ರೂಪಾಯಿ, ವಿಧವಾ ವೇತನ 800 ರೂಪಾಯಿ. ವಿಧವಾ ವೇತನದ ಮುಕ್ಕಾಲು ಪಾಲನ್ನು ಈ ಮೂರೇ ಪದಾರ್ಥಗಳಿಗೆ ಸುರಿಯಿರಿ ಎಂದು ಯಾವ ಬಾಯಲ್ಲಿ ಹೇಳುವುದು? ಆ ಹಣದಲ್ಲೇ ಮಾತ್ರೆ, ಬಸ್ಸು, ಸೋಪು, ಮೊಮ್ಮಗಳ ಕೈಗಿಡುವ ಹತ್ತು ರೂಪಾಯಿ. ಪಡಿತರದಿಂದ ಅಕ್ಕಿ ಬರುತ್ತದೆ, ಹಸಿವನ್ನು ಅದು ನೀಗಿಸಿದೆ. ಅನ್ನಭಾಗ್ಯ 2013ರಿಂದ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಮುದುಕರ ತಟ್ಟೆಯಲ್ಲಿ ಈಗಾಗಲೇ ಹೆಚ್ಚಿರುವುದು ಅನ್ನವೇ.

ಹಲ್ಲಿನ ಮಾತು ಸಣ್ಣದೆಂದು ಕಾಣಬಹುದು. ದವಡೆ ಹಲ್ಲು ಹೋದವರು ಮೊದಲು ಬಿಡುವುದು ಹಸಿ ತರಕಾರಿ, ಹಣ್ಣು, ಶೇಂಗಾ, ಮಾಂಸ. ಉಳಿಯುವುದು ಮೆತ್ತನೆಯ ಅನ್ನ, ಟೀಯಲ್ಲಿ ಅದ್ದಿದ ಬನ್ನು. ಬಡ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ಕಟ್ಟಿಸಿಕೊಡುವ ದಂತಭಾಗ್ಯ ಯೋಜನೆಯನ್ನು ನಮ್ಮ ರಾಜ್ಯ ದಶಕದ ಹಿಂದೆ ತಂದಿತು. ನನ್ನ ದೃಷ್ಟಿಯಲ್ಲಿ ಅದು ಹಲ್ಲಿನ ಯೋಜನೆಯಷ್ಟೇ ಊಟದ ಯೋಜನೆ. ಹಳ್ಳಿ ಹಳ್ಳಿಗೆ ಅದನ್ನು ಮುಟ್ಟಿಸುವುದು ನೂರು ಪೋಷಣಾ ಭಿತ್ತಿಪತ್ರಗಳಿಗಿಂತ ಹೆಚ್ಚು ಕೆಲಸ ಮಾಡೀತು. ಹಲ್ಲು ಕಟ್ಟಿಸಲಾಗದಿದ್ದರೆ ಶೇಂಗಾವನ್ನು ಪುಡಿ ಮಾಡಿ ಕೊಡಬಹುದು, ಕಾಳನ್ನು ಮೊಳಕೆ ಬರಿಸಿ ಅರೆದು ಸಾರು ಮಾಡಬಹುದು, ಹುರಿಹಿಟ್ಟಿಗೆ ಹಾಲು ಕಲಸಬಹುದು.

ಪಾಲನೆಯನ್ನು ಅಳೆಯುವ ಬಗೆಯಲ್ಲೂ ತಪ್ಪಿದೆ. ಅಮೆರಿಕದ ಕೃಷಿ ಇಲಾಖೆ ಜನರ ಊಟಕ್ಕೆ ನೂರಕ್ಕಿಷ್ಟು ಎಂದು ಅಂಕ ಕೊಡುವ ಸೂಚ್ಯಂಕವೊಂದನ್ನು 1995ರಿಂದ ಇಟ್ಟುಕೊಂಡಿದೆ. ಅಲ್ಲಿ ನಡುವಯಸ್ಸಿನವರಿಗಿಂತ ಹಿರಿಯರಿಗೇ ಹೆಚ್ಚು ಅಂಕ, ಆದರೂ ಅದು 60ರ ಆಸುಪಾಸು. ಅಷ್ಟೆಲ್ಲ ಅನುಕೂಲವಿರುವ ದೇಶದಲ್ಲೇ ಹಾಗೆ. ನಮ್ಮಲ್ಲಿ ಅಂಕ ಕೊಡುವುದಿರಲಿ, ಕೇಳುವುದೇ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಏನೇನು ತಿನ್ನುತ್ತೀರಿ ಎಂದು ವಿಚಾರಿಸುವುದು 15ರಿಂದ 49 ವರ್ಷದ ಹೆಂಗಸರನ್ನು, 15ರಿಂದ 54 ವರ್ಷದ ಗಂಡಸರನ್ನು. ಐವತ್ತು ತುಂಬಿದ ಹೆಣ್ಣು ಆ ಪ್ರಶ್ನಾವಳಿಯಿಂದ ಹೊರಗೆ. 2018ರಲ್ಲಿ ಆರಂಭವಾದ ಪೋಷಣ ಅಭಿಯಾನದ ಗಮನ ಮಕ್ಕಳು, ಹದಿಹರೆಯದ ಹುಡುಗಿಯರು, ಬಸುರಿ ಬಾಣಂತಿಯರ ಮೇಲೆ. ಅವರಿಗೆ ಸಿಗುತ್ತಿರುವುದರಲ್ಲಿ ಕಡಿಮೆ ಮಾಡಿ ಎಂದು ಯಾರೂ ಕೇಳಲಾರರು. ಆದರೆ ಹೆರುವ ವಯಸ್ಸು ದಾಟಿದ ಕೂಡಲೇ ಹೆಣ್ಣಿನ ಊಟ ಸರ್ಕಾರದ ಕಣ್ಣಿಗೆ ಬೀಳುವುದಿಲ್ಲ ಎಂಬುದು ಅನ್ಯಾಯ. 2011ರ ಜನಗಣತಿಯಲ್ಲೇ ಕರ್ನಾಟಕದ ಜನರಲ್ಲಿ ಶೇ. 9.5 ಮಂದಿ ಅರವತ್ತು ದಾಟಿದ್ದರು. ಆ ಪಾಲು ಏರುತ್ತಲೇ ಇದೆ.

ಮಾಡಲಾಗದ ಕೆಲಸವೇನಲ್ಲ ಇದು. ತಮಿಳುನಾಡು ಎಂ.ಜಿ. ರಾಮಚಂದ್ರನ್ ಕಾಲದಲ್ಲಿ, 1982ರಲ್ಲಿ, ಮಕ್ಕಳಿಗೆಂದು ಆರಂಭಿಸಿದ ಪೌಷ್ಟಿಕ ಊಟದ ಯೋಜನೆಗೆ ಸ್ವಲ್ಪ ಸಮಯದಲ್ಲೇ ಪಿಂಚಣಿದಾರ ವೃದ್ಧರನ್ನೂ ಸೇರಿಸಿತು. ನಮ್ಮಲ್ಲೂ ಊರೂರಿಗೆ ಅಂಗನವಾಡಿ ಇದೆ, ಶಾಲೆಯ ಬಿಸಿಯೂಟದ ಒಲೆ ಇದೆ, ಕೆ.ಎಂ.ಎಫ್. ಹಾಲು ಇದೆ. ಪಿಂಚಣಿ ಪಡೆಯುವ ಹಿರಿಯರಿಗೆ ಅಲ್ಲೇ ಮಧ್ಯಾಹ್ನ ಒಂದು ಕಾಳಿನ ಸಾರಿನೂಟ, ಒಂದು ಮೊಟ್ಟೆ ಅಥವಾ ಒಂದು ಲೋಟ ಹಾಲು ಕೊಡುವುದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಹಣ ಬೇಕು, ಅಡುಗೆಯವರಿಗೆ ಸರಿಯಾದ ಸಂಬಳ ಬೇಕು. ಹತ್ತು ಜನ ಕೂತು ಉಣ್ಣುವ ಜಾಗ ಸಿಕ್ಕರೆ ಒಂಟಿ ಮುದುಕರ ಊಟ ಹೆಚ್ಚುತ್ತದೆ ಎಂಬುದು ಮನೆಯಲ್ಲಿ ಹಬ್ಬ ಕಂಡವರಿಗೆಲ್ಲ ಗೊತ್ತು.

ಅಲ್ಲಿಯವರೆಗೆ ಮನೆಯಲ್ಲಿ ನಾವು ಮಾಡಬೇಕಾದದ್ದಿದೆ. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಉಳಿದವರ ವಿಷಯದಲ್ಲೂ ಮುಂದಿನ ಸಲ ಅಮ್ಮನನ್ನೋ ಅಪ್ಪನನ್ನೋ ಆಸ್ಪತ್ರೆಗೆ ಕರೆದುಕೊಂಡು ಹೋದಾಗ "ಏನು ಬಿಡಬೇಕು" ಎಂದು ಕೇಳಿ ಮುಗಿಸಬೇಡಿ, "ಬಿಟ್ಟದ್ದರ ಬದಲು ಏನು, ಎಷ್ಟು ತಿನ್ನಬೇಕು" ಎಂದು ಕೇಳಿ ಬರೆಸಿಕೊಳ್ಳಿ. ಅಮ್ಮ ಎಲ್ಲರಿಗಿಂತ ಕೊನೆಗೆ ಉಣ್ಣುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಇವತ್ತೇ ನಿಲ್ಲಿಸಿ. ಪಲ್ಯ, ಕಾಳು, ಹಾಲು ಮೊದಲು ಅವಳ ತಟ್ಟೆಗೆ ಬಡಿಸಿ. ಊರಲ್ಲಿ ಒಂಟಿಯಾಗಿರುವ ತಂದೆಗೆ ಫೋನು ಮಾಡಿದಾಗ "ಊಟ ಆಯ್ತಾ" ಎಂದಷ್ಟೇ ಕೇಳದೆ ಏನು ಉಂಡಿರಿ ಎಂದು ಕೇಳಿ, ಉತ್ತರ ಪೂರ್ತಿ ಬರುವವರೆಗೆ ಕಾಯಿರಿ.